ಬಿರುಗಾಳಿಗೆ ಮುನ್ನ ಎಚ್ಚರಿಸಿದ ನೌಕಾಧಿಪತಿ: ರಾಬರ್ಟ್ ಫಿಟ್ಜ್‌ರಾಯ್

ನಾಳೆಯ ಮಳೆಗಾಳಿಗಳ ಸಮಾಚಾರವನ್ನು ಇಂದೇ ಕೇಳಿ ತಿಳಿಯುವುದು ನಮಗೆಲ್ಲ ನಿತ್ಯದ ಅಭ್ಯಾಸವಾಗಿಹೋಗಿದೆ. ಕಡಲಿನಲ್ಲಿ ಬಿರುಗಾಳಿ ಏಳುವ ಲಕ್ಷಣವಿದ್ದರೆ ಮಂಗಳೂರು, ಕಾರವಾರಗಳಂಥ ಬಂದರುಗಳಲ್ಲಿ ಎಚ್ಚರಿಕೆಯ ಸಂಕೇತ ಮೇಲೇರುತ್ತದೆ. ದೋಣಿಗಳು ದಡದಲ್ಲಿಯೇ ಉಳಿಯುತ್ತವೆ. ಮನೆಯವರು ನಿಶ್ಚಿಂತೆಯಿಂದ ನಿದ್ರಿಸುತ್ತಾರೆ. ಈ ಉಪಕಾರವನ್ನು ದಿನವೂ ಪಡೆಯುತ್ತಿರುವ ನಮ್ಮಲ್ಲಿ ಇದರ ಮೂಲಪುರುಷನ ಹೆಸರನ್ನು ಅರಿತವರು ವಿರಳ. ಅರಿತವರೂ ಆತನನ್ನು ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ನನನ್ನು ತನ್ನ ಹಡಗಿನಲ್ಲಿ ಕರೆದೊಯ್ದ ಕಪ್ತಾನನೆಂದಷ್ಟೇ ಬಲ್ಲರು. ಶತ್ರುಗಳ ಹಡಗುಗಳನ್ನು ಮುಳುಗಿಸಿ ಕೀರ್ತಿವಂತರಾದ ನೌಕಾಧಿಪತಿಗಳ ಕಥೆಗಳು ಇತಿಹಾಸದಲ್ಲಿ ಹೇರಳವಾಗಿವೆ. ಹಡಗುಗಳು ಮುಳುಗದಂತೆ ಕಾಯುವುದಕ್ಕೆ ತನ್ನ ಧನವನ್ನೂ ಆರೋಗ್ಯವನ್ನೂ ಕಡೆಗೆ ಪ್ರಾಣವನ್ನೂ ತೆತ್ತ ನೌಕಾಧಿಪತಿಯೊಬ್ಬನ ಕಥೆ ಇದು. ಆತನೇ ಇಂಗ್ಲೆಂಡಿನ ವೈಸ್ ಅಡ್ಮಿರಲ್ ರಾಬರ್ಟ್ ಫಿಟ್ಜ್‌ರಾಯ್.

ಫಿಟ್ಜ್‌ರಾಯನು 1805ನೆಯ ಇಸವಿ ಜುಲೈ 5ರಂದು ಸಫೋಕ್ ಪ್ರಾಂತದ ಆಂಪ್ಟನ್ ಎಂಬಲ್ಲಿ ಜನಿಸಿದನು. ಆ ವರ್ಷದ ಅಕ್ಟೋಬರ್ ತಿಂಗಳಿನಲ್ಲಿಯೇ ಟ್ರಫಾಲ್ಗರ್ ಯುದ್ಧ ನಡೆದು ನೆಲ್ಸನ್ನನು ವೀರಮರಣವನ್ನಪ್ಪಿದನೆಂಬುದನ್ನು ಇಲ್ಲಿ ಸ್ಮರಿಸಬಹುದು. ಫಿಟ್ಜ್‌ರಾಯನದು ಅತ್ಯಂತ ಉನ್ನತವಾದ ಮನೆತನ. ಆತನ ಪಿತಾಮಹನಾದ ಗ್ರಾಫ್ಟನ್ನಿನ ಮೂರನೆಯ ಡ್ಯೂಕನು ಇಂಗ್ಲೆಂಡಿನ ಪ್ರಧಾನಮಂತ್ರಿಯಾಗಿದ್ದವನು. ವಂಶದ ಮೂಲವು ಎರಡನೆಯ ಚಾರ್ಲ್ಸ್ ಅರಸನವರೆಗೆ ಹೋಗುತ್ತದೆ. ಆದರೆ ಭಾಗ್ಯದೊಡನೆ ದುಃಖವೂ ಬಾಲ್ಯದಲ್ಲಿಯೇ ಒದಗಿತು. ಎಳೆಯ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡಳು. ಆಕೆಯ ಮಲಸೋದರನೂ ದೇಶದ ವಿದೇಶಾಂಗ ಮಂತ್ರಿಯೂ ಆಗಿದ್ದ ಕಾಸಲ್‌ರೇ ಪ್ರಭುವು 1822ರಲ್ಲಿ ಮನಸ್ಸಿನ ಸ್ಥಿಮಿತ ತಪ್ಪಿ ಆತ್ಮಹತ್ಯೆ ಮಾಡಿಕೊಂಡನು. ತನ್ನ ರಕ್ತದಲ್ಲಿಯೂ ಅದೇ ದುರ್ವಿಧಿ ಹರಿಯುತ್ತಿದೆಯೋ ಏನೋ ಎಂಬ ಶಂಕೆಯು ಮುಂದೆ ಫಿಟ್ಜ್‌ರಾಯನನ್ನು ನೆರಳಿನಂತೆ ಹಿಂಬಾಲಿಸಿತು.

ಹನ್ನೆರಡನೆಯ ವಯಸ್ಸಿನಲ್ಲಿ, 1818ರಲ್ಲಿ, ಆತನು ಪೋರ್ಟ್ಸ್‌ಮತ್ತಿನ ರಾಜಕೀಯ ನೌಕಾವಿದ್ಯಾಲಯವನ್ನು ಸೇರಿದನು. ಮರುವರ್ಷವೇ ಹಡಗನ್ನೇರಿ ದಕ್ಷಿಣ ಅಮೆರಿಕದ ಕಡಲುಗಳನ್ನು ಕಂಡನು. 1824ರಲ್ಲಿ ಲೆಫ್ಟಿನೆಂಟ್ ಪದವಿಯ ಪರೀಕ್ಷೆಯಲ್ಲಿ ಪೂರ್ಣಾಂಕಗಳನ್ನು ಗಳಿಸಿ ಪ್ರಥಮನಾಗಿ ತೇರ್ಗಡೆಯಾದನು. ಕುಲದ ಹಿರಿಮೆ ಬಾಗಿಲನ್ನು ತೆರೆಯಬಲ್ಲದು; ಒಳಗೆ ನಿಲ್ಲಿಸುವುದು ವಿದ್ಯೆಯೊಂದೇ. ಈ ಮಾತಿಗೆ ಆತನ ತಾರುಣ್ಯವೇ ಸಾಕ್ಷಿಯಾಗಿದೆ.

1828ರಲ್ಲಿ ದಕ್ಷಿಣ ಅಮೆರಿಕದ ತುದಿಯ ಕರಾವಳಿಯನ್ನು ಅಳೆದು ನಕ್ಷೆ ಬರೆಯುತ್ತಿದ್ದ ಬೀಗಲ್ ಎಂಬ ಚಿಕ್ಕ ಹಡಗಿನ ಕಪ್ತಾನನಾದ ಪ್ರಿಂಗಲ್ ಸ್ಟೋಕ್ಸನು ಆ ಪ್ರದೇಶದ ಚಳಿ, ಏಕಾಂತ, ಎಡೆಬಿಡದ ಗಾಳಿಮಳೆಗಳಿಂದ ಜರ್ಜರಿತನಾಗಿ ತನ್ನ ಜೀವವನ್ನು ತಾನೇ ಕಳೆದುಕೊಂಡನು. ತೆರವಾದ ಆ ಸ್ಥಾನಕ್ಕೆ ನೇಮಕಗೊಂಡವನು ಇಪ್ಪತ್ತಮೂರು ವರ್ಷದ ಫಿಟ್ಜ್‌ರಾಯ್. ಅಧಿಕಾರ ವಹಿಸಿಕೊಂಡ ಕೆಲವೇ ವಾರಗಳಲ್ಲಿ, 1829ರ ಜನವರಿ ಕೊನೆಯಲ್ಲಿ, ಪ್ಲೇಟ್ ನದಿಯ ಮುಖದ ಬಳಿ ಆ ಸೀಮೆಯ ಪ್ರಸಿದ್ಧವಾದ ಪಾಂಪೆರೋ ಬಿರುಗಾಳಿ ಅಪ್ಪಳಿಸಿತು. ಹಡಗು ಮಗ್ಗುಲಾಗಿ ಮಲಗಿತು; ಕೂವೆಮರಗಳ ಮೇಲ್ಭಾಗ ಮುರಿದುಬಿತ್ತು; ಇಬ್ಬರು ನಾವಿಕರು ಕಡಲುಪಾಲಾದರು. ಗಾಳಿ ಏಳುವುದಕ್ಕೆ ಮುನ್ನವೇ ವಾಯುಭಾರಮಾಪಕದ ಪಾದರಸ ಇಳಿದಿತ್ತು. ಆ ಸೂಚನೆಗೆ ತಕ್ಕ ಬೆಲೆ ಕೊಡದೆ ಹೋದುದು ತನ್ನದೇ ತಪ್ಪೆಂದು ಯುವ ಕಪ್ತಾನನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡನು. ಅಧಿಕಾರದಲ್ಲಿದ್ದವರು ತಮ್ಮ ತಪ್ಪನ್ನು ಗಾಳಿಯ ಮೇಲೆಯೋ ಗ್ರಹಗತಿಯ ಮೇಲೆಯೋ ಹೊರಿಸುವುದು ಲೋಕರೂಢಿ. ಆತನು ಹಾಗೆ ಮಾಡಲಿಲ್ಲ. ಗಾಳಿ ಮೊದಲೇ ಸುಳಿವು ಕೊಡುತ್ತದೆ, ಅದನ್ನು ಓದಬೇಕಾದವನು ಮನುಷ್ಯ ಎಂಬ ಪಾಠ ಅಂದು ಆತನ ಎದೆಯಲ್ಲಿ ನೆಟ್ಟಿತು. ಮುಂದಿನ ಸಾಧನೆಯೆಲ್ಲ ಅದರಿಂದಲೇ ಚಿಗುರಿತೆಂದು ಹೇಳಬಹುದು.

ಈ ಮೊದಲ ಯಾನದ ಅಂತ್ಯದಲ್ಲಿ ನಡೆದ ಒಂದು ಪ್ರಸಂಗವು ಆತನ ಸ್ವಭಾವದ ಇನ್ನೊಂದು ಮುಖವನ್ನು ತೋರಿಸುತ್ತದೆ. ಟಿಯೆರಾ ಡೆಲ್ ಫ್ಯೂಗೊ ದ್ವೀಪದ ಮೂಲನಿವಾಸಿಗಳು ಹಡಗಿನ ದೋಣಿಯೊಂದನ್ನು ಅಪಹರಿಸಿದರೆಂದು ಆತನು 1830ರಲ್ಲಿ ಅವರಲ್ಲಿ ಕೆಲವರನ್ನು ಹಿಡಿದಿಟ್ಟುಕೊಂಡನು. ಬಳಿಕ ನಾಲ್ವರನ್ನು, ವಿದ್ಯೆ ಕಲಿಸಿ ಮರಳಿ ತಂದುಬಿಡುವೆನೆಂಬ ಸಂಕಲ್ಪದಿಂದ, ತನ್ನ ಖರ್ಚಿನಲ್ಲಿ ಇಂಗ್ಲೆಂಡಿಗೆ ಕರೆತಂದನು. ಒಬ್ಬನು ಸಿಡುಬಿನಿಂದ ಸತ್ತನು. ಉಳಿದ ಮೂವರು ಶಾಲೆಯಲ್ಲಿ ಕಲಿತು ರಾಜದಂಪತಿಗಳನ್ನೂ ಕಂಡರು. ಅವರನ್ನು 1833ರಲ್ಲಿ ಸ್ವಸ್ಥಳಕ್ಕೆ ತಲುಪಿಸಿದಾಗ ಅವರ ಜೊತೆಗೆ ಕೊಟ್ಟಿದ್ದ ಸಾಮಗ್ರಿಗಳು ಕೆಲವೇ ದಿನಗಳಲ್ಲಿ ಸೂರೆಯಾದವು. ವರ್ಷ ಕಳೆದು ನೋಡಿದರೆ, ಜೆಮ್ಮಿ ಬಟನ್ ಎಂದು ಹೆಸರಿಡಲಾಗಿದ್ದ ತರುಣನು ತನ್ನವರ ಹಳೆಯ ಬಾಳಿಗೇ ಹಿಂತಿರುಗಿದ್ದನು. ಮತ್ತೆ ಇಂಗ್ಲೆಂಡಿಗೆ ಬರಲು ಆತನಿಗೆ ಮನಸ್ಸಿರಲಿಲ್ಲ. ಒಬ್ಬರ ಒಪ್ಪಿಗೆಯನ್ನು ಕೇಳದೆ ಅವರಿಗೆ ಮಾಡಹೊರಟ ಉಪಕಾರವು ಉಪಕಾರವೇ ಅಲ್ಲವೆಂಬುದನ್ನು ವಿದ್ಯಾದಾನದಲ್ಲಿ ತೊಡಗಿದ ನಾವೆಲ್ಲ ಈ ಪ್ರಸಂಗದಿಂದ ಕಲಿಯಬೇಕು. ಆದರೆ ಕೊಟ್ಟ ಮಾತಿನಂತೆ ಅವರನ್ನು ಹಿಂದಿರುಗಿಸಬೇಕೆಂಬ ಆತನ ಛಲ ಮಾತ್ರ ಪ್ರಾಮಾಣಿಕವಾದುದು. ಸರಕಾರವು ಹಡಗು ಕೊಡದಿದ್ದರೆ ಸ್ವಂತ ಹಣದಿಂದಲೇ ಹಡಗು ಮಾಡಿಕೊಂಡು ಹೋಗಲು ಆತನು ಸಿದ್ಧನಾಗಿದ್ದನು.

ಬೀಗಲ್ ಹಡಗಿನ ಎರಡನೆಯ ಯಾನವು 1831ರ ಡಿಸೆಂಬರ್ 27ರಂದು ಪ್ಲಿಮತ್ತಿನಿಂದ ಹೊರಟು, ಭೂಮಂಡಲವನ್ನು ಸುತ್ತಿ, 1836ರ ಅಕ್ಟೋಬರ್ 2ರಂದು ಫಾಲ್ಮತ್ತಿನಲ್ಲಿ ಮುಗಿಯಿತು. ಹಿಂದಿನ ಕಪ್ತಾನನ ಗತಿಯನ್ನು ನೆನೆದು, ದೀರ್ಘಯಾನದ ಏಕಾಂತಕ್ಕೆ ವಿದ್ಯಾವಂತನಾದ ಸಂಗಾತಿಯೊಬ್ಬ ಬೇಕೆಂದು ಫಿಟ್ಜ್‌ರಾಯನು ಅಪೇಕ್ಷಿಸಿದನು. ಹಾಗೆ ಬಂದವನೇ ಇಪ್ಪತ್ತೆರಡು ವರ್ಷದ ಡಾರ್ವಿನ್. ಮುಖಲಕ್ಷಣಶಾಸ್ತ್ರದಲ್ಲಿ ನಂಬುಗೆಯಿದ್ದ ಕಪ್ತಾನನು ಡಾರ್ವಿನ್ನನ ಮೂಗಿನ ಆಕಾರವನ್ನು ಕಂಡು, ಇವನಲ್ಲಿ ಧೃತಿ ಸಾಲದೆಂದು ಮೊದಲು ಸಂಶಯಪಟ್ಟನಂತೆ. ಸದ್ಯ, ಆ ಶಾಸ್ತ್ರವನ್ನು ಬದಿಗಿಟ್ಟು ಆತನನ್ನು ಒಪ್ಪಿಕೊಂಡುದು ಲೋಕದ ಭಾಗ್ಯ. ಭೂಗರ್ಭಶಾಸ್ತ್ರಜ್ಞ ಲಯಲ್ಲನ ಗ್ರಂಥದ ಮೊದಲ ಸಂಪುಟವನ್ನು ಡಾರ್ವಿನ್ನನ ಕೈಗಿತ್ತವನೂ ಈ ಕಪ್ತಾನನೇ. ಬ್ರೆಜಿಲ್ಲಿನಲ್ಲಿ ಗುಲಾಮಗಿರಿಯ ವಿಷಯವಾಗಿ ಇಬ್ಬರಿಗೂ ಕಟುವಾದ ವಾಗ್ವಾದ ನಡೆಯಿತು. ಕೋಪಾವೇಶದಲ್ಲಿ ಸಂಗಾತಿಯನ್ನು ತನ್ನ ಊಟದ ಮೇಜಿನಿಂದ ದೂರಮಾಡಿದ ಕಪ್ತಾನನು ಕೆಲವೇ ಗಂಟೆಗಳಲ್ಲಿ ಕ್ಷಮೆ ಬೇಡಿ ಮತ್ತೆ ಕರೆಸಿಕೊಂಡನು. ಬೇಗ ಉರಿಯುವ, ಬೇಗ ಕರಗುವ ಮನಸ್ಸು ಆತನದು.

ಆ ಹಡಗಿನ ನಿಜವಾದ ಕಾರ್ಯವೆಂದರೆ ಅಳತೆ. ಬೇರೆ ಬೇರೆ ಸ್ಥಳಗಳ ರೇಖಾಂಶಗಳನ್ನು ನಿರ್ಧರಿಸುವುದಕ್ಕಾಗಿ 22 ಕಾಲಮಾಪಕಗಳನ್ನು ಹಡಗಿನಲ್ಲಿ ಅಲುಗದಂತೆ ಇರಿಸಲಾಗಿತ್ತು. ಅವುಗಳಲ್ಲಿ ಕೆಲವು ಕಪ್ತಾನನ ಸ್ವಂತದವು. ಗಾಳಿಯ ವೇಗವನ್ನು ಅಂಕಿಗಳಿಂದ ಸೂಚಿಸುವ, ಬ್ಯೂಫರ್ಟನು ರೂಪಿಸಿದ ಮಾನವು ಅಧಿಕೃತವಾಗಿ ಮೊದಲು ಬಳಕೆಯಾದುದು ಈ ಯಾನದಲ್ಲಿಯೇ. ಅಳತೆಯ ಕಾರ್ಯ ಒಂದು ಹಡಗಿಗೆ ಮೀರಿದ್ದೆಂದು ಕಂಡಾಗ ಫಿಟ್ಜ್‌ರಾಯನು ಮೇಲಿನವರ ಅಪ್ಪಣೆಗೆ ಕಾಯದೆ 1833ರಲ್ಲಿ ಸ್ವಂತ ಹಣದಿಂದ ಇನ್ನೊಂದು ಹಡಗನ್ನು ಕೊಂಡನು. ನೌಕಾಖಾತೆಯು ಆ ವೆಚ್ಚವನ್ನು ಮನ್ನಿಸಲಿಲ್ಲ. ಹಡಗನ್ನು ಮಾರಬೇಕಾಯಿತು. ಅತಿಶ್ರಮ ಮತ್ತು ಅವಮಾನಗಳಿಂದ ಕುಗ್ಗಿದ ಆತನು 1834ರಲ್ಲಿ ವಾಲ್ಪರೈಸೊ ಬಂದರಿನಲ್ಲಿ ಅಧಿಕಾರವನ್ನೇ ತ್ಯಜಿಸಲು ಹೊರಟನು. ಆತನ ಬಳಿಕ ಕಪ್ತಾನನಾಗಬಹುದಾಗಿದ್ದ ವಿಕಮ್ ಎಂಬ ಅಧಿಕಾರಿಯೇ ತನಗೆ ದೊರೆಯಲಿದ್ದ ಪದವಿಯನ್ನು ಬೇಡವೆಂದು ಆತನಿಗೆ ಧೈರ್ಯ ಹೇಳಿ ನಿಲ್ಲಿಸಿದನು. ಇಂಥ ಸ್ನೇಹಿತರು ದೊರೆಯುವುದು ಪುಣ್ಯವಿಶೇಷ. ಹೀಗೆ ಸಿದ್ಧವಾದ ನಕ್ಷೆಗಳು ನಾವಿಕರಿಗೆ ದೀರ್ಘಕಾಲ ದಾರಿತೋರಿದವು. ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯು 1837ರಲ್ಲಿ ಚಿನ್ನದ ಪದಕವನ್ನಿತ್ತು ಆತನನ್ನು ಗೌರವಿಸಿತು.

1841ರಲ್ಲಿ ಫಿಟ್ಜ್‌ರಾಯನು ಡರಮ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾದನು. ವ್ಯಾಪಾರದ ಹಡಗುಗಳನ್ನು ನಡೆಸುವ ಅಧಿಕಾರಿಗಳು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅರ್ಹತಾಪತ್ರ ಪಡೆದವರಾಗಿರಬೇಕೆಂಬ ಮಸೂದೆಯನ್ನು 1842ರಲ್ಲಿ ಮಂಡಿಸಿದವನು ಆತನೇ. ಅದು ಆಗ ಶಾಸನವಾಗಲಿಲ್ಲ. 1850ರ ಕಾಯಿದೆಯಲ್ಲಿ ಆ ತತ್ತ್ವವು ಸ್ವೀಕೃತವಾಯಿತು. ಕಡಲಿಗಿಳಿಯುವವರ ಪ್ರಾಣರಕ್ಷಣೆಯೇ ಇಲ್ಲಿಯೂ ಆತನ ಲಕ್ಷ್ಯವಾಗಿತ್ತೆಂಬುದನ್ನು ಗಮನಿಸಬೇಕು.

ಬಳಿಕ ನ್ಯೂಜಿಲೆಂಡಿನ ಎರಡನೆಯ ಗವರ್ನರಾಗಿ ನೇಮಕಗೊಂಡು 1843ರ ಡಿಸೆಂಬರಿನಲ್ಲಿ ಅಲ್ಲಿಗೆ ಹೋದನು. ಬೊಕ್ಕಸ ಬರಿದಾಗಿತ್ತು, ಸೈನ್ಯ ಅತ್ಯಲ್ಪವಾಗಿತ್ತು. ಅದೇ ವರ್ಷದ ಜೂನಿನಲ್ಲಿ ವೈರಾವ್ ಕಣಿವೆಯ ಭೂಮಿಯ ವ್ಯಾಜ್ಯದಲ್ಲಿ ಮೂಲನಿವಾಸಿಗಳಾದ ಮಾವೊರಿಗಳಿಗೂ ಬಿಳಿಯ ವಲಸಿಗರಿಗೂ ಘರ್ಷಣೆಯಾಗಿ, ಬಿಳಿಯರಲ್ಲಿ 22 ಮಂದಿ ಹತರಾಗಿದ್ದರು. ಪ್ರತೀಕಾರವೇ ನ್ಯಾಯವೆಂದು ವಲಸಿಗರು ಕೂಗಿದರು. ಫಿಟ್ಜ್‌ರಾಯನು 1844ರಲ್ಲಿ ಮಾವೊರಿ ನಾಯಕರನ್ನು ಕಂಡು ಅವರ ಮಾತನ್ನು ಕೇಳಿ, ತಪ್ಪು ಮೊದಲು ಬಿಳಿಯರದೇ, ಇತ್ಯರ್ಥವಾಗದ ಭೂಮಿಯನ್ನು ಅಳೆಯಹೋದುದೇ ಅನ್ಯಾಯವೆಂದು ನಿರ್ಣಯಿಸಿದನು. ತನ್ನ ಜನರ ವಿರುದ್ಧವಾಗಿ ಇಂಥ ತೀರ್ಪನ್ನು ಕೊಡಲು ಎಷ್ಟು ಮಂದಿ ಅಧಿಕಾರಿಗಳಿಗೆ ಎದೆಗಾರಿಕೆಯಿದ್ದೀತು? ಆದರೆ ಹಣದ ಮುಗ್ಗಟ್ಟಿನಲ್ಲಿ ಆತನು ಕೈಗೊಂಡ ಕ್ರಮಗಳು ಫಲಿಸಲಿಲ್ಲ. ಉತ್ತರದಲ್ಲಿ ಹೋನೆ ಹೆಕೆ ಎಂಬ ಮಾವೊರಿ ನಾಯಕನು ದಂಗೆಯೆದ್ದನು. 1845ರಲ್ಲಿ ಸರಕಾರವು ಫಿಟ್ಜ್‌ರಾಯನನ್ನು ಹಿಂದಕ್ಕೆ ಕರೆಸಿಕೊಂಡಿತು. ಅನಾರೋಗ್ಯದ ಕಾರಣದಿಂದ 1850ರಲ್ಲಿ ನೌಕಾಪಡೆಯ ಸಕ್ರಿಯ ಸೇವೆಯಿಂದಲೂ ನಿವೃತ್ತನಾದನು. 1852ರಲ್ಲಿ ಪತ್ನಿಯೂ ತೀರಿಕೊಂಡಳು. ನಲವತ್ತೇಳರ ವಯಸ್ಸಿನಲ್ಲಿ ಆತನ ಬಾಳು ಮುಗಿದಂತೆಯೇ ತೋರುತ್ತಿತ್ತು.

ಆದರೆ ಆತನ ಬಾಳಿನ ಮುಖ್ಯಕಾರ್ಯ ಇನ್ನೂ ಮುಂದಿತ್ತು. 1854ರಲ್ಲಿ ಇಂಗ್ಲೆಂಡಿನ ವ್ಯಾಪಾರಮಂಡಲಿಯು ಕಡಲಿನ ಹವಾಮಾನದ ಅಂಕಿ ಅಂಶಗಳನ್ನು ಸಂಗ್ರಹಿಸುವುದಕ್ಕೆ ಒಂದು ಸಣ್ಣ ಇಲಾಖೆಯನ್ನು ಸ್ಥಾಪಿಸಿ ಫಿಟ್ಜ್‌ರಾಯನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿತು. ಕೈಕೆಳಗೆ ಬೆರಳೆಣಿಕೆಯ ಗುಮಾಸ್ತರು. ಕೆಲಸ ಅಂಕಿಗಳ ಜೋಡಣೆ. ಇತರರಾಗಿದ್ದರೆ ವರ್ಷಕ್ಕೊಂದು ವರದಿಯನ್ನು ಬರೆದು ಸುಮ್ಮನಿರುತ್ತಿದ್ದರು. ಫಿಟ್ಜ್‌ರಾಯನಿಗೆ ಸಂಗ್ರಹವಾದ ಅಂಕಿಗಳು ಕಪಾಟಿನಲ್ಲಿ ಕೊಳೆಯುತ್ತಿರಲು ಬೆಸ್ತರು ಕಡಲಿನಲ್ಲಿ ಸಾಯುವುದು ಸಹ್ಯವಾಗಲಿಲ್ಲ. ಸಾಮಾನ್ಯರೂ ಓದಬಲ್ಲ ಸರಳವಾದ ವಾಯುಭಾರಮಾಪಕಗಳನ್ನು ಮೀನುಗಾರರ ಬಂದರುಗಳಲ್ಲಿ ಇಡಿಸಿದನು. ಪಾದರಸ ಏರಿದರೆ ಏನು, ಇಳಿದರೆ ಏನು ಎಂಬುದನ್ನು ತಿಳಿಮಾತಿನಲ್ಲಿ ಬರೆದು ಹಂಚಿದನು. 1857ರಲ್ಲಿ ರಿಯರ್ ಅಡ್ಮಿರಲ್ ಪದವಿಯೂ 1863ರಲ್ಲಿ ವೈಸ್ ಅಡ್ಮಿರಲ್ ಪದವಿಯೂ ಹಿರಿತನದಿಂದ ಬಂದವು.

1859ರ ಅಕ್ಟೋಬರ್ 25 ಮತ್ತು 26ರಂದು ಬ್ರಿಟನ್ನಿನ ಕರಾವಳಿಯಲ್ಲಿ ಘೋರವಾದ ಚಂಡಮಾರುತ ಬೀಸಿತು. ಆಸ್ಟ್ರೇಲಿಯದ ಮೆಲ್ಬರ್ನಿನಿಂದ ಚಿನ್ನವನ್ನೂ ಪ್ರಯಾಣಿಕರನ್ನೂ ಹೊತ್ತು ಬರುತ್ತಿದ್ದ ರಾಯಲ್ ಚಾರ್ಟರ್ ಎಂಬ ಹಡಗು ಮನೆಯ ಬಾಗಿಲಿಗೆ ಬಂದಂತೆ ವೇಲ್ಸಿನ ಆಂಗಲ್ಸಿ ದ್ವೀಪದ ಬಂಡೆಗಳಿಗೆ ಬಡಿದು ನುಚ್ಚುನೂರಾಯಿತು. ಸುಮಾರು 450 ಮಂದಿ ಸತ್ತರು. ಆ ಒಂದು ಚಂಡಮಾರುತದಲ್ಲಿ ನಷ್ಟವಾದ ಹಡಗುಗಳು ಒಟ್ಟು 133, ಮಡಿದವರು ಸುಮಾರು 800. ಫಿಟ್ಜ್‌ರಾಯನು ಎಲ್ಲ ಕಡೆಗಳ ದಾಖಲೆಗಳನ್ನು ತರಿಸಿ, ಗಾಳಿಯ ದಿಕ್ಕು, ವಾಯುಭಾರ, ಉಷ್ಣತೆಗಳನ್ನು ನಕ್ಷೆಗಳ ಮೇಲೆ ಗುರುತಿಸಿದನು. ಬಿರುಗಾಳಿಯು ದಾರಿತಪ್ಪಿ ಬಂದ ಭೂತವಲ್ಲ; ಅದು ಒಂದು ಕ್ರಮದಲ್ಲಿ ಸುತ್ತುತ್ತ ಸುತ್ತುತ್ತ ಊರಿಂದೂರಿಗೆ ಸಾಗಿದೆಯೆಂಬುದು ಅಲ್ಲಿ ಸ್ಪಷ್ಟವಾಯಿತು. ಹಾಗಿದ್ದಲ್ಲಿ ಅದಕ್ಕಿಂತ ವೇಗವಾಗಿ ಸಾಗುವ ದೂತನೊಬ್ಬನಿದ್ದರೆ ಮುಂದಿನ ಊರುಗಳನ್ನು ಎಚ್ಚರಿಸಬಹುದು. ಅಂಥ ದೂತನು ಆ ಕಾಲದಲ್ಲಿ ಹೊಸದಾಗಿ ಹುಟ್ಟಿದ್ದನು; ಅದೇ ವಿದ್ಯುತ್ ತಂತಿ.

ಕರಾವಳಿಯ ಹದಿನೈದು ಠಾಣೆಗಳಿಂದ ನಿಗದಿಯಾದ ವೇಳೆಗೆ ತಂತಿಯ ಮೂಲಕ ಲಂಡನ್ನಿಗೆ ಹವೆಯ ಸಮಾಚಾರ ಬರುವಂತೆ ಆತನು ಏರ್ಪಡಿಸಿದನು. ಅಪಾಯ ಕಂಡೊಡನೆ ಬಂದರುಗಳಿಗೆ ತಂತಿ ಹೋಗುತ್ತಿತ್ತು. ಅಲ್ಲಿ ಎತ್ತರದ ಕಂಬಕ್ಕೆ ಶಂಕುವಿನ ಆಕಾರದ ಅಥವಾ ಡೋಲಿನ ಆಕಾರದ ಸಂಕೇತವನ್ನು ಏರಿಸುತ್ತಿದ್ದರು. ಶಂಕುವಿನ ತುದಿ ಮೇಲಿದ್ದರೆ ಉತ್ತರದ ಬಿರುಗಾಳಿ, ಕೆಳಗಿದ್ದರೆ ದಕ್ಷಿಣದ್ದು. ಡೋಲು ಕಂಡರೆ ದಿಕ್ಕು ಬದಲಿಸುತ್ತ ಬೀಸುವ ಬಿರುಗಾಳಿ. ಅಕ್ಷರ ಬಾರದ ಬೆಸ್ತನಿಗೂ ದೂರದಿಂದಲೇ ಅರ್ಥವಾಗುವ ಲಿಪಿ ಇದು. ಈ ವ್ಯವಸ್ಥೆ 1861ರ ಫೆಬ್ರುವರಿಯಲ್ಲಿ ಆರಂಭವಾಯಿತು. ಅದೇ ವರ್ಷ ಆಗಸ್ಟ್ 1ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಸಾರ್ವಜನಿಕರಿಗಾಗಿ ಆತನ ಮೊದಲ ಹವಾಮಾನ ಮುನ್ಸೂಚನೆ ಪ್ರಕಟವಾಯಿತು. ಇಂದು ಜಗತ್ತೆಲ್ಲ ಬಳಸುವ ಫೋರ್‌ಕಾಸ್ಟ್ ಎಂಬ ಶಬ್ದವನ್ನು ಈ ಅರ್ಥದಲ್ಲಿ ಬಳಕೆಗೆ ತಂದವನು ಫಿಟ್ಜ್‌ರಾಯನೇ. ಶಬ್ದವನ್ನು ಆತನು ವಿವೇಚಿಸಿಯೇ ಆರಿಸಿದನು. ತನ್ನದು ಭವಿಷ್ಯವಾಣಿಯಲ್ಲ, ಪ್ರಮಾಣಗಳನ್ನು ಕೂಡಿಸಿ ಲೆಕ್ಕಹಾಕಿ ತಳೆದ ಅಭಿಪ್ರಾಯವೆಂದು ಮತ್ತೆ ಮತ್ತೆ ಸಾರಿದನು. ನಮ್ಮ ಮುನ್ಸೂಚನೆ ಎಂಬ ಪದದಲ್ಲಿಯೂ ಇದೇ ವಿನಯ ಅಡಗಿದೆ. ಅದು ಸೂಚಿಸುತ್ತದೆ, ವಿಧಿಸುವುದಿಲ್ಲ.

ಆದರೆ ಲೋಕಕ್ಕೆ ಬೇಕಾದುದು ಭವಿಷ್ಯವಾಣಿಯೇ. ಹತ್ತು ಸಲ ನಿಜವಾದುದನ್ನು ಮರೆತು ಒಂದು ಸಲ ತಪ್ಪಿದುದನ್ನು ಜನ ಆಡಿಕೊಂಡರು. ಪತ್ರಿಕೆಗಳು ಹಾಸ್ಯಮಾಡಿದವು. ಎಚ್ಚರಿಕೆಯ ಸಂಕೇತ ಕಂಡು ಬೆಸ್ತರು ಕಡಲಿಗಿಳಿಯಲೊಲ್ಲದಾಗ ದೋಣಿಗಳ ಒಡೆಯರಲ್ಲಿ ಕೆಲವರು ತಮ್ಮ ಆದಾಯ ಹೋಯಿತೆಂದು ದೂರಿದರು. ಸಿದ್ಧಾಂತದ ಬುನಾದಿಯಿಲ್ಲದೆ ಮುನ್ಸೂಚನೆ ಕೊಡುವುದು ಶಾಸ್ತ್ರಕ್ಕೆ ಅಪಚಾರವೆಂದು ವಿಜ್ಞಾನಿಗಳು ಆಕ್ಷೇಪಿಸಿದರು. ತಂತಿಯ ವೆಚ್ಚ ಹೆಚ್ಚಾಯಿತೆಂದು ಪಾರ್ಲಿಮೆಂಟಿನಲ್ಲಿ ಪ್ರಶ್ನೆಗಳೆದ್ದವು. ವಿಜ್ಞಾನಿಗಳ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆ ಕಾಲದ ಜ್ಞಾನ ನಿಜವಾಗಿಯೂ ಅಪೂರ್ಣವಾಗಿತ್ತು. ಆದರೆ ಜ್ಞಾನ ಪೂರ್ಣವಾಗುವವರೆಗೆ ಕಡಲು ಕಾಯುವುದಿಲ್ಲವೆಂಬುದು, 1829ರಲ್ಲಿ ಇಬ್ಬರು ನಾವಿಕರನ್ನು ಕಳೆದುಕೊಂಡವನ ಉತ್ತರವಾಗಿತ್ತು.

ಮತ್ತೊಂದು ವ್ಯಥೆಯೂ ಆತನನ್ನು ಕೊರೆಯುತ್ತಿತ್ತು. ತನ್ನ ಹಡಗಿನಲ್ಲಿ ಕಲೆಹಾಕಿದ ಸಾಮಗ್ರಿಯಿಂದ ಡಾರ್ವಿನ್ನನು ರೂಪಿಸಿದ ವಿಕಾಸವಾದವು ದೈವಭಕ್ತನಾದ ಆತನ ಶ್ರದ್ಧೆಗೆ ಏಟಾಗಿತ್ತು. 1860ರಲ್ಲಿ ಆಕ್ಸ್‌ಫರ್ಡಿನಲ್ಲಿ ನಡೆದ ಪ್ರಸಿದ್ಧವಾದ ಚರ್ಚೆಯಲ್ಲಿ ಆತನು ಬೈಬಲ್ ಗ್ರಂಥವನ್ನೆತ್ತಿ ಹಿಡಿದು, ದೇವರ ಮಾತನ್ನು ನಂಬಿರೆಂದು ಸಭಿಕರನ್ನು ಬೇಡಿಕೊಂಡನು. ಆ ಊರಿಗೆ ಆತನು ಹೋಗಿದ್ದುದು ಬಿರುಗಾಳಿಗಳ ಕುರಿತು ಪ್ರಬಂಧವನ್ನೋದಲು. ಅದನ್ನು ಇಂದು ಸ್ಮರಿಸುವವರಿಲ್ಲ. ಅತಿಶ್ರಮ, ನಿಂದೆ, ಕಿವುಡುತನ, ಸಾರ್ವಜನಿಕ ಕಾರ್ಯಗಳಿಗೆ ಕೈಯಿಂದ ಸುರಿದು ಬರಿದಾದ ಆಸ್ತಿ, ಇವೆಲ್ಲ ಸೇರಿ ಆತನ ಮನಸ್ಸನ್ನು ಮುರಿದವು. 1865ರ ಏಪ್ರಿಲ್ 30ರ ಭಾನುವಾರ, ಅರವತ್ತು ವರ್ಷ ತುಂಬುವುದಕ್ಕೆ ಎರಡು ತಿಂಗಳಿರುವಾಗ, ತನ್ನ ಮನೆಯಲ್ಲಿ ಆತನು ಆತ್ಮಹತ್ಯೆ ಮಾಡಿಕೊಂಡನು. ಸಾವಿರಾರು ಜನರಿಗೆ ಬಿರುಗಾಳಿಯ ಮುನ್ಸೂಚನೆ ಕೊಟ್ಟವನ ಒಳಗಿನ ಬಿರುಗಾಳಿಯನ್ನು ಯಾರೂ ಸಕಾಲದಲ್ಲಿ ತಡೆಯಲಾಗಲಿಲ್ಲ. ಇದನ್ನು ದೌರ್ಬಲ್ಯವೆಂದು ಹಳಿಯುವುದು ಸಲ್ಲದು; ದೇಹಕ್ಕೆ ರೋಗವಿರುವಂತೆ ಮನಸ್ಸಿಗೂ ರೋಗವುಂಟೆಂದು ಇಂದು ನಾವು ಬಲ್ಲೆವು. ಪತ್ನಿಮಕ್ಕಳ ನೆರವಿಗೆಂದು ಸ್ನೇಹಿತರು ನಿಧಿಯೊಂದನ್ನು ಸಂಗ್ರಹಿಸಿದಾಗ, ತತ್ತ್ವದಲ್ಲಿ ಆತನಿಂದ ಬಹುದೂರ ಸರಿದಿದ್ದ ಡಾರ್ವಿನ್ನನು 100 ಪೌಂಡುಗಳನ್ನಿತ್ತನು. ಸ್ನೇಹವು ಮತಭೇದವನ್ನು ದಾಟಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಆತನ ಮರಣದ ಬಳಿಕ ವಿಚಾರಣಾ ಸಮಿತಿಯೊಂದು ಆತನ ಕಾರ್ಯವನ್ನು ಕಟುವಾಗಿ ವಿಮರ್ಶಿಸಿತು. 1866ರ ಡಿಸೆಂಬರಿನಲ್ಲಿ ಬಂದರುಗಳ ಕಂಬಗಳಿಂದ ಸಂಕೇತಗಳು ಕೆಳಗಿಳಿದವು. ಆಗ ಎದ್ದಿತು ನಾವಿಕರ, ಬೆಸ್ತರ ಕೂಗು. ವಿದ್ವಾಂಸರು ಕಾಣದ ಬೆಲೆಯನ್ನು ಅವರು ಕಂಡಿದ್ದರು. 1867ರಲ್ಲಿ ಬಿರುಗಾಳಿಯ ಎಚ್ಚರಿಕೆ ಮತ್ತೆ ಆರಂಭವಾಯಿತು. 1879ರಲ್ಲಿ ಪತ್ರಿಕೆಗಳ ಮುನ್ಸೂಚನೆಯೂ ಮರಳಿತು. ಎಚ್ಚರಿಕೆಯ ಮಾತು ಇದ್ದರೂ ಅದನ್ನು ಕೇಳದೆ ಹೋದರೆ ಏನಾಗುವುದೆಂಬುದನ್ನು 1881ರ ಅಕ್ಟೋಬರ್ 14 ತೋರಿಸಿಕೊಟ್ಟಿತು. ಸ್ಕಾಟ್ಲೆಂಡಿನ ಐಮತ್ ಬಂದರಿನಲ್ಲಿ ವಾಯುಭಾರಮಾಪಕದ ಪಾದರಸ ಬಹಳ ಇಳಿದಿದ್ದರೂ, ದಿನಗಟ್ಟಲೆ ಕೆಲಸವಿಲ್ಲದೆ ಕಂಗಾಲಾಗಿದ್ದ ಬೆಸ್ತರು ಶಾಂತವಾದ ಬೆಳಗನ್ನು ನಂಬಿ ಹೊರಟರು. ಅಂದು ಆ ಕರಾವಳಿಯಲ್ಲಿ ಮಡಿದವರು 189 ಮಂದಿ.

ನಮ್ಮ ದೇಶಕ್ಕೂ ಈ ವಿದ್ಯೆ ಕಣ್ಣೀರಿನ ದಾರಿಯಿಂದಲೇ ಬಂದಿತು. 1864ರ ಅಕ್ಟೋಬರಿನಲ್ಲಿ ಕಲ್ಕತ್ತೆಗೆ ಬಡಿದ ಚಂಡಮಾರುತವು ಹತ್ತಾರು ಸಾವಿರ ಜೀವಗಳನ್ನು ನುಂಗಿತು. ಬಳಿಕ 1866 ಮತ್ತು 1871ರಲ್ಲಿ ಮಳೆ ಕೈಕೊಟ್ಟಿತು. ಈ ವಿಪತ್ತುಗಳ ಪಾಠದಿಂದ 1875ರಲ್ಲಿ ಭಾರತ ಹವಾಮಾನ ಇಲಾಖೆ ಸ್ಥಾಪಿತವಾಯಿತು. ನಮ್ಮ ಕರಾವಳಿಯ ಬಂದರುಗಳಲ್ಲಿ ಏರುವ ಸಂಕೇತಗಳು ಫಿಟ್ಜ್‌ರಾಯನು ಹಾಕಿಕೊಟ್ಟ ಪದ್ಧತಿಯ ಸಂತಾನವೇ ಆಗಿವೆ. ದಕ್ಷಿಣ ಅಮೆರಿಕದ ಒಂದು ಉನ್ನತ ಶಿಖರವು ಆತನ ಹೆಸರನ್ನು ಹೊತ್ತಿದೆ. 2002ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆಯು ನಾವಿಕರಿಗಾಗಿ ಪ್ರಸಾರಮಾಡುವ ಮುನ್ಸೂಚನೆಯಲ್ಲಿ ಫಿನಿಸ್ಟೆರ್ ಎಂಬ ಕಡಲಪ್ರದೇಶಕ್ಕೆ ಫಿಟ್ಜ್‌ರಾಯ್ ಎಂದು ಮರುನಾಮಕರಣ ಮಾಡಿತು. ಯಾವ ಮುನ್ಸೂಚನೆಗಾಗಿ ಆತನು ಅಪಹಾಸ್ಯಕ್ಕೆ ಗುರಿಯಾದನೋ ಅದರಲ್ಲಿಯೇ ಆತನ ಹೆಸರು ಈಗ ದಿನವೂ ಉಚ್ಚರಿತವಾಗುತ್ತಿದೆ.

ತಿಳಿದವನು ತಿಳಿದಷ್ಟನ್ನು ಸಕಾಲದಲ್ಲಿ ಹೇಳಬೇಕು. ತಪ್ಪಾದೀತೆಂಬ ಭಯಕ್ಕೆ, ನಕ್ಕಾರೆಂಬ ನಾಚಿಕೆಗೆ ಮೌನವಾಗಿರಬಾರದು. ತಪ್ಪಿದ್ದಲ್ಲಿ ತನ್ನದೆಂದು ಒಪ್ಪಿಕೊಳ್ಳಬೇಕು. ಅಡ್ಮಿರಲ್ ಫಿಟ್ಜ್‌ರಾಯನ ಜೀವನದಿಂದ ಗುರುಗಳೂ ಶಿಷ್ಯರೂ ಪಡೆಯಬೇಕಾದ ಪಾಠ ಇದು. ಬಾರದೆ ಹೋದ ಬಿರುಗಾಳಿಗಾಗಿ ದಡದಲ್ಲಿ ಕಳೆದ ಒಂದು ದಿನ ಮರಳಿ ಬರಬಹುದು. ಬಂದ ಬಿರುಗಾಳಿಯಲ್ಲಿ ಹೋದವರು ಮರಳಿ ಬಾರರು.